ಇನ್ನೂರ ಹದಿನೈದನೆಯ ಬುಟ್ಟಿ

೧೯೫೯ನೇ ಇಸವಿ, ಮೇ ತಿಂಗಳ ಹತ್ತನೆಯ ತಾರೀಖು, ರವಿವಾರ.

ಕುಲಗೋಡದ ಬಸವಣ್ಣೆಪ್ಪನವರ ತೋಟದ ಬಾವಿಯಿಂದ ಅಂದು ಮಧ್ಯಾಹ್ನದವರೆಗೆ ಇನ್ನೂರ ಹದಿನಾಲ್ಕು ಬುಟ್ಟಿ ಹೂಳು ಮೇಲೆ ಬಂದಿತ್ತು. ನೀರೆತ್ತುವ ಎಂಜಿನ್ ಕೂಡಿಸುವ ಸಲುವಾಗಿ ಆ ಬಾವಿಯನ್ನು ಮೊದಲ ಬಾರಿಗೆ ತಳದವರೆಗೆ ಬರಿದು ಮಾಡಿದ್ದರು.

ಇನ್ನೂರ ಹದಿನೈದನೆಯ ಬುಟ್ಟಿ ಬರಲಿಲ್ಲ. ಕೆಳಗೆ ಹೂಳು ತುಂಬುತ್ತಿದ್ದ ಕೂಲಿಯಾಳು ಶೆಟ್ಟೆಪ್ಪನ ಕೂಗು ಬಂತು.

"ಸಾವ್ಕಾರ್ರ! ಇಲ್ಲೊಂದು ಗಾಲಿ ಐತ್ರಿ!"

"ಚಕ್ಕಡಿ ಗಾಲಿ ಇರಬೇಕು, ನೋಡೋ!"

"ಚಕ್ಕಡಿದಲ್ರಿ... ಸೈಕಲ್ಲಿಂದು!"

ಕಟ್ಟೆಯ ಬಳಿ ಕೂಲಿಯವರಿಗೆ ಮಜ್ಜಿಗೆ ಹಂಚುತ್ತಿದ್ದ ಇಂದ್ರವ್ವನ ಕೈಯಿಂದ ತಂಬಿಗೆ ಜಾರಿತು.

ಅಲ್ಲಿದ್ದವರೆಲ್ಲ ಬೆರಗಾದರು. ಬಸವಣ್ಣೆಪ್ಪನವರ ಮಗಳು ಇಂದ್ರವ್ವ ಒಬ್ಬಳು ಬೆರಗಾಗಲಿಲ್ಲ. ಆ ಸೈಕಲ್ಲನ್ನು ಬಾವಿಗೆ ನೂಕಿದವಳು ಅವಳೇ.

ಅದು ನಡೆದದ್ದು ೧೯೫೦ನೇ ಇಸವಿ ನವೆಂಬರ್ ಹನ್ನೆರಡರಂದು. ಆಗ ಅವಳಿಗೆ ಹದಿನೇಳು.

ಸೈಕಲ್ಲು ಬೆಲ್ಲದ ಬಾಗೇವಾಡಿಯ ಕೇದಾರಿಯದು. ಕೇದಾರಿ ಅವಳ ಸೋದರತ್ತೆಯ ಮಗ. ಚಿಕ್ಕಂದಿನಿಂದಲೂ ಇವಳು ಅವನಿಗೇ ಎಂದು ಎರಡೂ ಮನೆಯವರು ಆಡಿಕೊಳ್ಳುತ್ತಿದ್ದರು. ೧೯೪೭ರಲ್ಲಿ ಬೆಳಗಾವಿ ಬಿಟ್ಟು ವಿಲಾಯತಿಗೆ ಹೊರಟ ಒಬ್ಬ ಸಾಹೇಬನಿಂದ ಅವನು ಅದನ್ನು ಕೊಂಡಿದ್ದ. ದೂರ ಪ್ರಯಾಣಕ್ಕೆಂದೇ ಕಟ್ಟಿದ ಹಳೆಯ ಸೈಕಲ್ಲು. ಮೂರು ಗೇರು, ಉದ್ದ ಚೌಕಟ್ಟು, ಹಿಂದೆ ಮುಂದೆ ಎರಡು ಕ್ಯಾರಿಯರ್. ಅದರ ಮೇಲೆ ಕಾಶಿಯವರೆಗೆ ಹೋಗಿಬರುವುದು ಅವನ ಕನಸು.

"ಕಾಶಿಗೆ ಹೋಗಾಂವಗ ಹೆಣ್ಣು ಯಾಕ ಬೇಕು? ಆ ಗಾಡಿ ನನ್ನ ಕೈಗೆ ಸಿಗಲಿ, ಮುರದು ಒಲಿಗೆ ಹಾಕ್ತೀನಿ!" ಎಂದು ಬಸವಣ್ಣೆಪ್ಪನವರು ನಾಲ್ಕು ಜನರ ಮುಂದೆ ಗುಡುಗಿದ್ದರು. ಕಾಶಿಗೆ ಹೋದವನು ಸಂಸಾರಕ್ಕೆ ತಿರುಗಿ ಬರುವುದಿಲ್ಲವೆಂದು ಅಜ್ಜಿ ಹೇಳಿದ್ದಳು. ಹುಡುಗಿ ಎರಡನ್ನೂ ನಂಬಿದ್ದಳು.

ಆ ದಿನ ಕೇದಾರಿ ತೋಟಕ್ಕೆ ಬಂದ. ಸೈಕಲ್ಲನ್ನು ಬಾವಿಯ ಕಟ್ಟೆಗೆ ಆನಿಸಿ, ಮಾವನನ್ನು ಕಾಣಲು ಕಬ್ಬಿನ ಗಾಣದ ಕಡೆ ನಡೆದ. ಹಿಂದಿನ ಕ್ಯಾರಿಯರಿನ ಮೇಲೆ ಹಾಸಿಗೆಯ ಸುರುಳಿ ಇತ್ತು.

'ಹೊರಟೇಬಿಟ್ಟ... ಹೇಳಿಹೋಗಲು ಬಂದಿದ್ದಾನೆ!'

ಮುಂದಿನದು ಅವಳ ಕೈ ಮಾಡಿದ ಕೆಲಸ. ಗಾಣದ ಕಿರುಚಾಟದಲ್ಲಿ ನೀರಿನ ಸದ್ದು ಯಾರಿಗೂ ಕೇಳಲಿಲ್ಲ.

ಕೇದಾರಿ ಪಂಚರನ್ನು ಕೂಡಿಸಿ, ಸ್ವಂತ ಸೋದರಮಾವನನ್ನೇ ಕಳ್ಳನೆಂದ. ಬಸವಣ್ಣೆಪ್ಪನವರು ದೇವರ ಆಣೆ ಮಾಡಿದರು. ಅವನು ನಂಬಲಿಲ್ಲ. ಎರಡೂ ಮನೆಗಳ ನಡುವೆ ನೀರಿನ ಬಳಕೆ ಕೂಡ ನಿಂತಿತು.

ಅವನು ಕಾಶಿಗೂ ಹೋಗಲಿಲ್ಲ, ಲಗ್ನವನ್ನೂ ಆಗಲಿಲ್ಲ. ಮೂಡಲಗಿಯಲ್ಲಿ ಸೈಕಲ್ ಅಂಗಡಿ ಇಟ್ಟ. ಮೂಡಲಗಿ, ಗೋಕಾಕ, ಹುಕ್ಕೇರಿಯ ಸೈಕಲ್ಲುಗಳು ಎಂದಾದರೂ ತನ್ನ ಕೈ ಕೆಳಗೆ ಹಾಯ್ದೇ ಹೋಗಬೇಕು ಎಂಬುದು ಅವನ ಲೆಕ್ಕ. ಬಂದ ಪ್ರತಿ ಸೈಕಲ್ಲಿನ ಸೀಟಿನ ಕೆಳಗೆ ಅವನು ಒಂದೇ ನಂಬರು ಹುಡುಕುತ್ತಿದ್ದ: ೪೦೯೧೭.

ಇಂದ್ರವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಊರ ಸಾಲೆಯ ಅಕ್ಕೋರು ಆದಳು. ಬಂದ ಮೂರು ಸಂಬಂಧಗಳನ್ನು ತಿರುಗಿಸಿದಳು. ಇಂದು ಹೇಳುವೆ, ನಾಳೆ ಹೇಳುವೆ ಎಂದುಕೊಂಡೇ ಮೂರು ಸಾವಿರದ ನೂರಾ ಒಂದು ದಿನ ಕಳೆದಿದ್ದವು.

*

ಸುದ್ದಿ ಮುಟ್ಟಿದ ಎರಡು ತಾಸಿನಲ್ಲಿ ಕೇದಾರಿ ಬಂದ. ಯಾರನ್ನೂ ಮಾತಾಡಿಸಲಿಲ್ಲ. ಕೆಸರಿನ ಮುದ್ದೆಯ ಮುಂದೆ ಮೊಣಕಾಲೂರಿ, ಸೀಟಿನ ಕೆಳಗೆ ಧೋತರದ ಚುಂಗಿನಿಂದ ಒರೆಸಿದ.

"ನಾಕು... ಸೊನ್ನಿ... ಒಂಬತ್ತು... ಒಂದು... ಏಳು."

ಕೇದಾರಿ ಎದ್ದು ನಿಂತು ಮಾವನನ್ನು ನೋಡಿದ.

"ಮಾವಾ, ನಾ ಅವತ್ತ ಪಂಚರ ಮುಂದ ಏನ ಹೇಳಿದ್ನಿ? ಇಲ್ಲೇ ಹುಡುಕ್ರಿ ಅಂದಿದ್ನಿಲ್ಲೋ?"

ಬಸವಣ್ಣೆಪ್ಪನವರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು, ಅವು ಬೇರೆ ಯಾರವೋ ಎಂಬಂತೆ.

"ನನ್ನ ಬಾವ್ಯಾಗ... ನನಗ ಗೊತ್ತಿಲ್ದಂಗ... ಇಲ್ಲೋ ಕೇದಾರಿ, ನಾ ಅಲ್ಲೋ..."

"ಹೂಳು ತೆಗದರ ಖರೆ ಹೊರಗ ಬರ್ತೈತಿ ಬಿಡ್ರಿ!" ಎಂದು ಗುಂಪಿನಲ್ಲಿ ಯಾರೋ ನಕ್ಕರು.

ಬಸವಣ್ಣೆಪ್ಪನವರು ತಲೆಯ ಪಟಗಾ ಬಿಚ್ಚಿ ನೆಲದ ಮೇಲೆ ಇಟ್ಟರು.

ಅದನ್ನು ನೋಡಿ ಸುಮ್ಮನಿರಲು ಇಂದ್ರವ್ವನಿಂದ ಆಗಲಿಲ್ಲ. 'ಇಂದು ಬಾಯಿ ಬಿಟ್ಟರೆ ಕೇದಾರಿ ಜನ್ಮಕ್ಕೂ ನನ್ನವನಲ್ಲ. ಬಿಡದಿದ್ದರೆ ಅಪ್ಪ ಜನ್ಮಕ್ಕೂ ಕಳ್ಳ.'

"ಅಪ್ಪಾ, ಪಟಗಾ ಎತ್ತಿ ಸುತ್ತಿಕೋ! ಸೈಕಲ್ ನೂಕಿದಾಕಿ ನಾನು!"

ಗುಂಪು ಅವಳತ್ತ ತಿರುಗಿತು.

"ಏ ಹುಚ್ಚಿ!" ತಾಯಿ ತಾಯವ್ವ ಮಗಳ ತೋಳು ಹಿಡಿದೆಳೆದಳು. "ಅಪ್ಪನ ಮಾನ ಉಳಸಾಕ ಇಲ್ಲದ್ದು ಹೇಳಬ್ಯಾಡ!"

"ಸುಳ್ಳು!" ಎಂದ ಕೇದಾರಿ. "ಅದನ್ನ ಎತ್ತಬೇಕಾದರ ನನ್ನ ಬೆನ್ನ ಹಿಡೀತಿತ್ತು. ಈಕಿ ಎತ್ತಿದ್ಲಂತ?"

"ಎತ್ತಲಿಲ್ಲ. ಮುಂದಿನ ಗಾಲಿ ಕಟ್ಟಿ ಮ್ಯಾಲಿಟ್ಟು, ಹಿಂದ ಭುಜ ಕೊಟ್ಟು ದಬ್ಬಿದ್ನಿ. ಹಾಸಿಗಿ ಸುರುಳಿ ಬಿಚ್ಚಿ ಅದರ ಕೂಡ ನೀರಿಗೆ ಬಿತ್ತು. ಬೀಳೂ ಮುಂದ ಗಂಟಿ ಬಡೀತು... ಒಂದ ಸಲ."

ಹಾಸಿಗೆಯ ಸುರುಳಿಯ ಮಾತನ್ನು ಕೇದಾರಿ ಪಂಚರಿಗೂ ಹೇಳಿರಲಿಲ್ಲ.

"ಯಾಕ, ಇಂದ್ರಾ?"

"ನೀವು ತಿರುಗಿ ಬರಾಂಗಿಲ್ಲ ಅಂತ..."

ಅವನು ಮುಂದೆ ಕೇಳಲಿಲ್ಲ. ಕೆಸರು ಸೋರುವ ಸೈಕಲ್ಲನ್ನು ಹೆಗಲಿಗೇರಿಸಿ ನಡೆದುಬಿಟ್ಟ. ದಾರಿಯುದ್ದಕ್ಕೂ ಕರಿಯ ನೀರು ತೊಟ್ಟಿಕ್ಕಿತು.

ಬಸವಣ್ಣೆಪ್ಪನವರು ಮಗಳನ್ನು ಹೊಡೆಯಲಿಲ್ಲ. ಬಯ್ಯಲೂ ಇಲ್ಲ.

"ಎಂಟೂವರಿ ವರ್ಷ ಊರು ನನ್ನ ಕಳ್ಳ ಅಂತು. ನೀ ದಿನಾ ನನಗ ರೊಟ್ಟಿ ಬಡದ ಹಾಕೀದಿ. ಒಂದ ದಿವಸನೂ ನಿನ್ನ ಗಂಟಲಾಗಿಂದ ಮಾತು ಬರಲಿಲ್ಲೇನವ್ವಾ?"

ಹೊಡೆದಿದ್ದರೆ ಚೆನ್ನಾಗಿತ್ತು ಎನಿಸಿತು ಇಂದ್ರವ್ವನಿಗೆ.

*

ಮರುದಿನ ಮೊದಲ ಬಸ್ಸಿಗೆ ಅವಳು ಮೂಡಲಗಿಗೆ ಬಂದಳು. ಸಾಲೆಗೆ ಬೇಸಿಗೆಯ ಸೂಟಿ ಇತ್ತು.

ಕೇದಾರಿಯ ಅಂಗಡಿಯ ಬಾಜೂಕ್ಕೆ ಯಲ್ಲಾರಿಯ ಚಹಾದ ಅಂಗಡಿ. ಬಾಗಿಲಲ್ಲಿ ನಿಂತವಳನ್ನು ಮೊದಲು ಮಾತಾಡಿಸಿದವನು ಅವನೇ.

"ಅಕ್ಕೋರ, ಇದು ಸಾಲಿ ಅಲ್ರಿ."

"ಗೊತ್ತೈತ್ರಿ. ಕಲಿಯಾಕ ಬಂದೇನಿ."

ಕೇದಾರಿ ತಲೆ ಎತ್ತಲಿಲ್ಲ. "ಯಲ್ಲಾರಿ, ಹೋಗಂತ ಹೇಳು."

"ಕೆಡಿಸಿದಾಕಿ ನಾನು, ತಿಕ್ಕಾಕಿನೂ ನಾನ ಅಂತ ಹೇಳ್ರಿ, ಯಲ್ಲಾರಿ ಅಣ್ಣಾ."

"ಮೊಳದ ಅಂತರದಾಗ ಇದ್ದೂ ಇಬ್ಬರೂ ನನ್ನ ಕೈಲೆ ಸುದ್ದಿ ಕಳಸ್ತೀರಲ್ಲಾ, ನಾ ಏನ ತಾರ್ ಆಫೀಸ್ ತಗದೇನೇನು?" ಎಂದು ಯಲ್ಲಾರಿ ಎರಡು ಬಟ್ಟಲು ಚಹಾ ಇಟ್ಟು ಹೋದ.

ಕೇದಾರಿ ಒಂದು ಡಬ್ಬಿ ಚಿಮಣಿ ಎಣ್ಣೆ, ತಿಕ್ಕಲು ಒಂದು ಹಿಡಿ ತೆಂಗಿನ ನಾರಿನ ಕಾಥಿ ಅವಳ ಕಡೆ ಸರಿಸಿದ. ಅನುಮತಿ ಅಷ್ಟೇ.

ಹೂಳಿನಲ್ಲಿ ಗಾಳಿ ಆಡದ ಕಾರಣ ಚೌಕಟ್ಟು ಉಳಿದಿತ್ತು. ರಿಮ್ಮುಗಳು, ಟಾಯರು, ಸೀಟಿನ ಚರ್ಮ ಎಲ್ಲ ಹೋಗಿದ್ದವು. ಹಿಂದಿನ ಗಾಲಿಯ ನಡುವಿನ ಗೇರಿನ ಗುಂಬದೊಳಗೆ ಸಾಹೇಬನ ಕಾಲದ ಗ್ರೀಸು ಗಟ್ಟಿಯಾಗಿ ಕುಳಿತು ಹಲ್ಲುಗಳನ್ನು ಕಾದಿತ್ತು. ಅದನ್ನು ಕಂಡ ದಿನ ಕೇದಾರಿ ತನ್ನನ್ನು ಮರೆತು, "ನೋಡಿಲ್ಲಿ!" ಎಂದ. ಮರುಕ್ಷಣ ನೆನಪಾಗಿ ತುಟಿ ಬಿಗಿದ.

ಆ ಒಂದು ಮಾತನ್ನು ಇಂದ್ರವ್ವ ಬಸ್ಸಿನ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಉರುಹೊಡೆದಳು.

ಹನ್ನೊಂದು ದಿನ ಹೀಗೆ ನಡೆಯಿತು. ನಟ್ಟು ಬಿಚ್ಚೂ ಪಾನಾ ಕೊಡು, ಎಣ್ಣಿ ಹಾಕು, ಹಿಡಕೋ. ಇದಕ್ಕಿಂತ ಹೆಚ್ಚಿನ ಮಾತಿಲ್ಲ. ಅವಳ ಬೆರಳುಗಳು ಸೀಳಿದವು. ಒಂದು ದಿನ ಅವಳು ಕೂಡುವ ಜಾಗದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು ಇತ್ತು. ಯಾರಿಟ್ಟರೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಹನ್ನೆರಡನೆಯ ದಿನ ಹಿಂದಿನ ಅಚ್ಚಿನ ಎಡಮಗ್ಗುಲಲ್ಲಿ ಕಲ್ಲಾಗಿದ್ದ ಕೆಸರಿನ ಗಂಟೊಂದನ್ನು ಅವಳು ಕೆರೆದಳು. ಒಳಗಿನಿಂದ ಕಾಲಿಡುವ ಒಂದು ಕಬ್ಬಿಣದ ಮೆಟ್ಟು ಹೊರಬಂತು. ಬೇಕಾದಾಗ ಬಿಚ್ಚಿ, ಬೇಡವಾದಾಗ ಮಡಚುವಂಥದು. ಸುತ್ತಿಗೆಯ ಏಟಿನ ಗುರುತು ಅದರ ಮೇಲೆ ಹಾಗೇ ಇತ್ತು. ವಿಲಾಯತಿಯ ಕೆಲಸವಲ್ಲ, ನಮ್ಮ ಕಮ್ಮಾರನದು. ಸೀಟಿನ ಹಿಂದಿನ ಕಬ್ಬಿಣದ ಬಳೆ ಕೈ ಹಿಡಿಯಲು ಎಂಬುದೂ ಈಗ ಹೊಳೆಯಿತು.

ಕ್ಯಾರಿಯರಿನ ಮೇಲೆ ಒಂದೇ ಮಗ್ಗುಲಿಗೆ ಕುಳಿತವರ ಪಾದಕ್ಕಾಗಿ ಮಾಡಿದ ಮೆಟ್ಟು. ಹಾಗೆ ಕೂಡುವವರು ಹೆಂಗಸರು ಮಾತ್ರ!

'ಯಾರೋ ಇದ್ದಳು... ಕಾಶಿಗೆ ಇವನು ಒಬ್ಬನೇ ಹೊರಟಿರಲಿಲ್ಲ!'

"ಇದನ್ನ ಯಾರ ಸಲುವಾಗಿ ಮಾಡಿಸಿದ್ರಿ?" ಅವಳು ಮೆಟ್ಟನ್ನು ಬೆರಳಿಟ್ಟು ತೋರಿಸಿದಳು. "ಆಕಿ ಯಾರು? ಈಗ ಎಲ್ಲಿ ಅದಾಳ?"

ಕೇದಾರಿಯ ಕೈಯ ಪಾನಾ ನೆಲಕ್ಕೆ ಬಿತ್ತು. ಹನ್ನೆರಡು ದಿನ ಕಟ್ಟಿಟ್ಟ ಸಿಟ್ಟು ಒಮ್ಮೆಲೇ ಒಡೆಯಿತು.

"ಆಕಿ ಎಲ್ಲಿ ಅದಾಳಂತ ಕೇಳ್ತಿ? ಇಲ್ಲೇ ಅದಾಳ! ನನ್ನ ಮುಂದ ಚಿಮಣಿ ಎಣ್ಣಿ ಮೆತ್ತಿಕೊಂಡು ಕುಂತಾಳ!"

ಅವಳು ಕೈಯ ಕಾಥಿ ಕೆಳಗಿಟ್ಟಳು.

"ಅವತ್ತ ನಾ ತೋಟಕ್ಕ ಯಾಕ ಬಂದಿದ್ನಿ ಅಂತ ಇವತ್ತಿನ ತನಕ ಒಬ್ಬರೂ ಕೇಳಿಲ್ಲ. ನಿನ್ನ ಕೇಳಾಕ ಬಂದಿದ್ನಿ, ಇಂದ್ರಾ! ಲಗ್ನ ಮಾಡಿಕೊಡ್ರಿ, ಕಾಶಿಗೆ ಜೋಡೀಲೆ ಹೋಗತೇವಿ ಅನ್ನಾಂವ ಇದ್ನಿ. ಹಾಸಿಗಿ ಸುರುಳಿ ಅಂದಿಯಲ್ಲ... ನೀ ಕೂಡಾಕ ಮೆತ್ತಗಿರಲಿ ಅಂತ ಕಟ್ಟಿದ್ನಿ. ಗಾಣದ ತನಕ ಹೋದ್ನಿ, ಬಾಯಾಗ ಮಾತು ಹೊಂದಿಸಿಕೊಳ್ಳಾಕ ಒಂದು ಗಳಿಗಿ ನಿಂತ್ನಿ. ತಿರುಗಿ ನೋಡತೇನಿ, ಸೈಕಲ್ ಇಲ್ಲ!"

"ನನಗ... ನನಗ ಮೊದಲ ಒಂದ ಮಾತು..."

"ಹಿರ್ಯಾರನ್ನ ಕೇಳದ ಹುಡುಗಿ ಕೂಡ ಆ ಮಾತು ಆಡಬಾರದು ಅಂದಿದ್ಲು ನಮ್ಮವ್ವ. ಶಾಣ್ಯಾನಂಗ ಕೇಳಿದ್ನಿ."

ಇಂದ್ರವ್ವ ಕೈ ಕೆಳಗಿನ ಮೆಟ್ಟನ್ನೇ ನೋಡುತ್ತ ಕುಳಿತಳು. ತಾನು ಮುಳುಗಿಸಿದ್ದು ಅವನ ಯಾತ್ರೆಯನ್ನಲ್ಲ, ತನ್ನ ಲಗ್ನವನ್ನು! ಅಳು ಬರಲಿಲ್ಲ.

"ನಿಮ್ಮನ್ನ ಬಿಟ್ಟು ಇರಾಕ ಆಗೂದಿಲ್ಲ ಅಂತ ನೂಕಿದ್ನಿ," ಎಂದಳು ಕೊನೆಗೆ. "ಆಮ್ಯಾಲೆ ನಿಮ್ಮನ್ನ ಬಿಟ್ಟ ಬದುಕಿದ್ನಿ. ಈ ಲೆಕ್ಕ ಸಾಲ್ಯಾಗ ಯಾವ ಹುಡುಗನ ಮುಂದನೂ ಬಿಡಿಸಾಕ ಆಗಾಂಗಿಲ್ಲ."

ಕೇದಾರಿ ಬಿದ್ದ ಪಾನಾ ಎತ್ತಿಕೊಂಡ.

"ಖರೆ ಹೇಳಲಿ? ನಿನ್ನ ಮ್ಯಾಲೆ ಸಿಟ್ಟು ಮಾಡಾಕ ನನಗ ಬಾಯಿಲ್ಲ. ನೀ ನೂಕಿದ್ದು ಕಬ್ಬಿಣ. ನಾ ದೇವರಂಥ ಮನಶ್ಯಾನ್ನ ಪಂಚರ ಮುಂದ ನೂಕಿದ್ನಿ. ನಿಮ್ಮಪ್ಪ ಆಣಿ ಮಾಡಿದಾಗ ನಾ ನಂಬಲಿಲ್ಲ."

"ಹಂಗಿದ್ರ..."

"ಮೊದಲ ಇದನ್ನ ಎಬ್ಬಿಸೋಣು. ಆಮ್ಯಾಲೆ ಅವರ ಕಾಲಿಗೆ ಬೀಳತೇನಿ."

*

ಮೇ ಮೂವತ್ತೊಂದರಂದು ಸೈಕಲ್ಲು ಎದ್ದು ನಿಂತಿತು. ಹುಕ್ಕೇರಿಯ ಸಂತೆಯಲ್ಲಿ ಸಿಕ್ಕ ಹಳೆಯ ರಿಮ್ಮು, ಗೋಕಾಕದ ಚಮ್ಮಾರ ಹೊಲಿದ ಸೀಟು, ಎರಡು ಸಲ ಬಳಿದ ಕರಿಯ ಬಣ್ಣ. ಕೇದಾರಿ ಅದನ್ನು ಹತ್ತಲಿಲ್ಲ. ಮೂಡಲಗಿಯಿಂದ ಕುಲಗೋಡದವರೆಗೆ ಕೈಯಲ್ಲಿ ಹಿಡಿದೇ ನಡೆದ.

ಅಂದಿನ ಪಂಚರಲ್ಲಿ ಮೂವರು ಬದುಕಿದ್ದರು. ಮೂವರನ್ನೂ ಕರೆಸಿ, ಅವರ ಮುಂದೆ ಮಾವನ ಕಾಲು ಹಿಡಿದ.

"ಕಳ್ಳ ಅಂದ ಬಾಯಿ ಇದ. ತಪ್ಪಾತ್ರಿ, ಮಾವಾ."

ಬಸವಣ್ಣೆಪ್ಪನವರು ಅವನ ಭುಜ ಮುಟ್ಟಿದರು.

"ಏಳು. ನಿಂದು ಮುಗೀತು. ಆದರ ನನ್ನ ಮಗಳ್ನ ನಾ ಇನ್ನೂ ಕ್ಷಮಿಸಿಲ್ಲ, ತಿಳೀತೇನು?"

"ಹಂಗಿದ್ರ ನನಗ ಕೊಟ್ಟಬಿಡ್ರಿ. ಕ್ಷಮಿಸಾಕ ನನಗ ಇಡೀ ಆಯುಷ್ಯ ಐತಿ."

ಪಂಚರು ದಂಗಾದರು. ಬಾಗಿಲ ಹಿಂದೆ ತಾಯವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಬಸವಣ್ಣೆಪ್ಪನವರ ಮೀಸೆ ಒಮ್ಮೆ ಅಲುಗಿತು.

"ಹೆಣ್ಣ ಕೇಳಾಕ ಇಷ್ಟ ತಡಾ ಮಾಡಿ ಬಂದಾಂವ ಮೂರು ಜಿಲ್ಲಾದಾಗ ನೀ ಒಬ್ಬನ... ತಾಯವ್ವಾ, ಬೆಲ್ಲ ತಗೊಂಡ ಬಾ."

ಹೊತ್ತು ಇಳಿಯುವ ಮುಂದೆ ಇಂದ್ರವ್ವ ಅವನನ್ನು ಕಳಿಸಲು ತೋಟದ ಬದುವಿನವರೆಗೆ ಬಂದಳು. ಕಬ್ಬಿನ ಗರಿಗಳು ಸದ್ದು ಮಾಡುತ್ತಿದ್ದವು. ಅವಳು ತಲೆ ತಗ್ಗಿಸಿ ನಿಂತಳು.

"ನಿಮ್ಮ ಎಂಟೂವರಿ ವರ್ಷ ನನ್ನ ಮ್ಯಾಲೆ ಐತಿ. ಹೆಂಗ ತೀರಿಸಲಿ?"

"ತೀರಸಬ್ಯಾಡ."

"ಬಾಕಿ ಉಳೀತೈತಲ್ರಿ."

"ಉಳೀಲಿ." ಕೇದಾರಿ ಮೊದಲ ಬಾರಿಗೆ ನಕ್ಕ. "ಬಾಕಿ ತೀರಿದವರು ಮನಿ ಕಡೆ ಹಾಯೂದ ಬಿಡ್ತಾರ."

ಇಂದ್ರವ್ವ ತಲೆ ಎತ್ತಿದಳು. ಇಷ್ಟು ದಿನ ಬಾರದ ಅಳು ಈಗ ನಗೆಯ ಜೊತೆಗೇ ಬಂತು.

"ಹಂಗಾದ್ರ ಒಂದ ದಿವಸದ್ದೂ ತೀರಸಾಂಗಿಲ್ಲ, ನೋಡ್ರಿ!"