ಶನಿವಾರದ ಕನ್ನಡಿ

ಮದುವೆ ಯಾಕಾಗ್ಲಿಲ್ಲ ಮಾವ ಅಂತ ಕೇಳಿದ್ಯಲ್ಲ ಮರಿ, ಕೇಳು. ಮಧ್ಯೆ ಕೆಮ್ಮು ಬಂದ್ರೆ ಸಹಿಸ್ಕೋ.

ಪಾರ್ಶ್ವವಾಯು ಹೊಡೆದು ಮಲಗಿರೋರು ಒಬ್ರಿದಾರೆ, ಪ್ರತಿ ಶನಿವಾರ ಮನೆಗೇ ಬಂದು ಶೇವಿಂಗ್ ಮಾಡ್ಬೇಕು ಅಂತ ನನ್ನ ಕಟಿಂಗ್ ಶಾಪಿಗೆ ಹೇಳಿಕಳಿಸಿದ್ರು. ಹೋದೆ. ಮೂರನೇ ಮಹಡಿ. ಕೊರಳಲ್ಲಿ ಶಿಲುಬೆ ಹಾಕ್ಕೊಂಡು ಬಾಗಿಲು ತೆಗೆದವಳನ್ನ ನೋಡಿ ಮಗಳೇ ಇರ್ಬೇಕು ಅಂದ್ಕೊಂಡೆ.

"ನಿಮ್ಮಪ್ಪ ಎಲ್ಲಿ ಮಲಗಿದಾರೆ?"

"ಅಪ್ಪ ಕರ್ತನ ಹತ್ರ ಇದಾರೆ. ಗಂಡ ಒಳಗಿದಾರೆ. ಯಾರಿಗೆ ಶೇವಿಂಗ್ ಮಾಡ್ತೀರಿ, ಕತ್ತರಿ ಸಾಹೇಬ್ರೇ?"

ಮುಗೀತು. ಅಲ್ಲೇ ಬಿದ್ದೆ ನಾನು.

ಗಂಡನಿಗೆ ಅವನ ಮುಖ ಕಾಣ್ಲಿ ಅಂತ ಅವಳು ಮಂಚದ ಕಾಲ್ದೆಸೆಗೆ ಕನ್ನಡಿ ಹಿಡ್ಕೊಂಡು ನಿಲ್ಲೋಳು. ಕನ್ನಡಿ ಅಂಚಿನ ಮೇಲೆ ಬರೀ ಎರಡು ಕಣ್ಣು ಕಾಣೋವು. ನಗು ಬಂದ್ರೆ ಮೊದ್ಲು ಹುಬ್ಬಿಗೆ ಬರೋದು, ಆಮೇಲೆ ಕಣ್ಣಿಗೆ.

"ಕಿವಿ ಹತ್ರ ನಾಕು ಕೂದ್ಲು ಬಿಟ್ರಿ."

"ಬೆಳಕು ಕಣ್ಣಿಗೆ ಹೊಡೀತು."

"ಬೆಳಕು ಕಿಟಕೀಲಿದೆ. ನೀವು ನೋಡ್ತಿರೋದು ಈ ಕಡೆ."

ಹೀಗೇ ನಾಕು ವರ್ಷ. ಶುಕ್ರವಾರಾನೇ ನಾನು ಶರ್ಟಿಗೆ ಇಸ್ತ್ರಿ ಹಾಕೋನು, ಹುಚ್ಚನ ಹಂಗೆ.

ಒಂದಿನ ಮೆಟ್ಟಿಲ ಹತ್ರ ಕೇಳೇಬಿಟ್ಟೆ. "ಅವರನ್ನ ಯಾವುದಾದ್ರೂ ಆಶ್ರಮಕ್ಕೆ ಸೇರಿಸೋಣ. ನನ್ ಜೊತೆ ಬಂದ್ಬಿಡಿ."

ಅವಳು ತನ್ನ ಕೈಲಿದ್ದ ಸೋಪಿನ ನೊರೆಯನ್ನ ಸೆರಗಿಗೆ ಉಜ್ಜಿದ್ಳು.

"ಆರೋಗ್ಯದಲ್ಲೂ ರೋಗದಲ್ಲೂ ಜೊತೇಲಿರ್ತೀನಿ ಅಂತ ಮದುವೆ ದಿನ ಕರ್ತನ ಮುಂದೆ ಒಪ್ಕೊಂಡಿದೀನಿ."

"ನಿಮ್ ಕರ್ತನಿಗೆ ಕಣ್ಣಿಲ್ವಾ?"

"ಇದೆ. ಈ ಆಸೆ ಕಿತ್ತಾಕು ಅಂತ ದಿನಾ ಮಂಡಿಯೂರಿ ಬೇಡ್ತೀನಿ. ಕಿತ್ತಾಕ್ತಿಲ್ಲ. ಹಂಗಂತ ಅವನ ಮಾತು ಮೀರೋಕಾಗುತ್ತಾ?" ಕಣ್ಣು ಒರೆಸ್ಕೊಂಡ್ಳು. "ಮುಂದಿನ ಶನಿವಾರ ಬನ್ನಿ, ಅಣ್ಣಾ."

ಅಣ್ಣಾ! ಕೆನ್ನೆಗೆ ಬಾರಿಸಿದ್ರೂ ತಡ್ಕೋತಿದ್ದೆ ಮರಿ.

ಮುಂದಿನ ಶನಿವಾರ ನನ್ನ ಕತ್ತಿ ಅವನ ಗಂಟಲ ಮೇಲಿತ್ತು. ಸುಳ್ಳು ಯಾಕೆ ಹೇಳ್ಲಿ, ಕೆಟ್ಟ ಯೋಚನೆ ಬಂತು. ಅವನು ಕನ್ನಡೀಲಿ ತನ್ನ ಮುಖ ನೋಡ್ಕೋತಿರಲಿಲ್ಲ, ನನ್ನ ಮುಖ ನೋಡ್ತಿದ್ದ. ನಾಕು ವರ್ಷದಿಂದ ಅದನ್ನೇ ನೋಡ್ತಾ ಬಂದಿದಾನೆ! ಸೊಟ್ಟ ಬಾಯಲ್ಲಿ ತೊದಲಿದ, "ಕೊಯ್ದುಬಿಡು. ಅವಳು ಬದುಕ್ಲಿ."

ಕನ್ನಡಿ ಕೆಳಗಿಳೀಲಿಲ್ಲ.

"ಅಣ್ಣಾ, ಗಲ್ಲದ ಕೆಳಗೆ ಇನ್ನೂ ಇದೆ" ಅಂದ್ಳು.

ಮುಗಿಸಿ, ಮುಖ ಒರೆಸಿ, ಬಂದೆ.

ಆಮೇಲೆ ಹದಿನೆಂಟು ವರ್ಷ ಹೋಗಿದ್ದೀನಿ. ಅವಳ ನಗು ಹುಬ್ಬಿಗೂ ಬರ್ಲಿಲ್ಲ. ಕೊನೇ ವರ್ಷ ಅವಳ ಹೊಟ್ಟೇಲಿ ಗಡ್ಡೆ ಬೆಳೀತಿತ್ತು, ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೇಲಿ ಪಾದ್ರಿ ಪ್ರಾರ್ಥನೆ ಮುಗಿಸಿ ಆಚೆ ಹೋದ್ಮೇಲೆ ನನ್ನನ್ನ ಹತ್ರ ಕರೆದ್ಳು.

"ಕತ್ತರಿ ಸಾಹೇಬ್ರೇ."

ಹದಿನೆಂಟು ವರ್ಷ ಆದ್ಮೇಲೆ! ಮತ್ತೆ ಅದೇ ಹೆಸರು.

"ಅಣ್ಣಾ ಅಂದಾಗೆಲ್ಲ ಸುಳ್ಳು ಹೇಳ್ದೆ. ಕರ್ತ ಅದನ್ನ ಕ್ಷಮಿಸ್ಲಿ. ನನ್ನ ಕೈಲಿ ಇನ್ನಾಗಲ್ಲ. ನೀವು ಅವರನ್ನ ಬಿಡ್ಬೇಡಿ."

ಮಾರನೇ ದಿನ ಹೋದ್ಳು.

ಅವಳ ಗಂಡ ಇನ್ನೂ ಇದಾನೆ, ನಾನೇ ನೋಡ್ಕೋತಿದೀನಿ. ಸಾವೂ ಬರ್ತಿಲ್ಲ ಪಾಪಿಗೆ. ನನಗೆ ಚರ್ಚೂ ಇಲ್ಲ, ಪ್ರಾರ್ಥನೆ ಮಾಡೋಕೂ ಬರಲ್ಲ. ಅವಳು ದೇವರ ಮಾತು ಮೀರ್ಲಿಲ್ಲ, ನಾನು ಅವಳ ಮಾತು ಮೀರ್ಲಿಲ್ಲ. ಏನು ಸಿಕ್ತು ಅಂತ ಮಾತ್ರ ಕೇಳ್ಬೇಡ.

ಶನಿವಾರ ಅವಳು ನಿಲ್ತಿದ್ದ ಜಾಗದಲ್ಲಿ ಕುರ್ಚಿ ಇಟ್ಟು ಕನ್ನಡಿ ಒರಗಿಸ್ತೀನಿ. ಅಂಚಿನ ಮೇಲೆ ಬರೀ ಗೋಡೆ. ಅವನೂ ಅಲ್ಲೇ ನೋಡ್ತಾನೆ, ನಾನೂ ಅಲ್ಲೇ ನೋಡ್ತೀನಿ.