ರಟ್ಟಿನ ಅಡಿಯ ನೀಲಿ

ಚಾಕು ನನ್ನ ಕತ್ತಿನ ಮೇಲಿದ್ದರೆ ಅಷ್ಟು ಬೆವರುತ್ತಿರಲಿಲ್ಲ.

ಅದು ಫೋಟೋದ ಮೇಲಿತ್ತು.

"ಒಂದು ಹೆಜ್ಜೆ ಮುಂದಿಟ್ರೆ ಸೀಳಿಬಿಡ್ತೀನಿ, ಕ್ವಿಲ್," ಎಂದ ಟಿಸ್‌ಡೇಲ್. ಹೋಬಾರ್ಟ್ ಬಂದರಿನ ಎದುರು ಗ್ಯಾಲರಿ ಇಟ್ಟವನು. ಮಾತು ಜೇನು... ಕೈಯಲ್ಲಿ ರಟ್ಟು ಕತ್ತರಿಸುವ ಚಾಕು.

ಮೇಜಿನ ಮೇಲೆ ಗಾಜು ತೆಗೆದ ಫ್ರೇಮು. ಒಳಗೆ ಮಂಜು ಕವಿದ ಸರೋವರ, ದಡದಲ್ಲಿ ಒಂದೇ ಪೈನ್ ಮರ. ಹತ್ತೇ ಪ್ರತಿ ತೆಗೆದು ಛಾಯಾಗ್ರಾಹಕ ನೆಗೆಟಿವ್ ಸುಟ್ಟಿದ್ದ. ಇದು ಒಂದನೆಯದು. ಬೆರಿಲ್ ಪ್ಯಾಸ್ಕೋ ಅವರದ್ದು.

ಬೆರಿಲ್‌ಗೆ ಎಂಬತ್ತು. ಕಾಡು, ಕಡಲಿನ ಫೋಟೋಗಳನ್ನು ಒಂದೊಂದಾಗಿ ಕೊಂಡು ಮನೆ ತುಂಬಿಸಿದವರು. ಗಂಡ ಹಾಸಿಗೆ ಹಿಡಿದಾಗ ಈ ಸರೋವರವನ್ನು ಅವರ ಕಣ್ಣೆದುರಿನ ಗೋಡೆಗೆ ಹಾಕಿದರು. ನೇರ ಬಿಸಿಲು ಬೀಳುವ ಗೋಡೆ! ಸಂಗ್ರಹಕಾರರು ಸತ್ತರೂ ಮಾಡದ ತಪ್ಪು. ಗಂಡ ಕೊನೆಗೆ ನೋಡಿದ್ದು ಅದನ್ನೇ. ಹನ್ನೆರಡು ವರ್ಷದಲ್ಲಿ ಬಣ್ಣ ಮಾಸಿತು.

ಹೋದ ತಿಂಗಳು ಗಾಜು ಬದಲಿಸಲು ಟಿಸ್‌ಡೇಲ್‌ಗೆ ಕೊಟ್ಟರು. ವಾಪಸ್ ಬಂತು.

"ಇದು ನನ್ನದಲ್ಲ ಮಾರಾಯ," ಎಂದರು ಖಾಸಗಿ ಪತ್ತೇದಾರನಾದ ನನ್ನ ಹತ್ತಿರ. "ವಯಸ್ಸಾಯ್ತು ಅಂತ ಎಲ್ರೂ ನಗ್ತಾರೆ."

ನಾನು ನಗಲಿಲ್ಲ. ಫ್ರೇಮ್ ಬಿಚ್ಚಿದೆ. ಫೋಟೋದ ಅಂಚು ಮುಚ್ಚುವ ಬಿಳಿ ರಟ್ಟಿನ ಅಡಿಯೂ ಬಣ್ಣ ಅಷ್ಟೇ ಮಾಸಿತ್ತು. ರಟ್ಟಿನ ಅಡಿಗೆ ಬಿಸಿಲು ಹೋಗುವುದುಂಟೇ? ಅಸಲಿಯ ಅಂಚು ನೀಲಿಯಾಗಿಯೇ ಉಳಿದಿರಬೇಕಿತ್ತು; ನಕಲು ಮಾಡುವಾಗ ಭೂಪ ಅದನ್ನು ಮರೆತಿದ್ದ.

ಅದಕ್ಕೇ ಅಸಲಿ ಹುಡುಕಿಕೊಂಡು ಇವನ ಗ್ಯಾಲರಿಗೆ ಬಂದಿದ್ದೆ.

"ಸೀಳು," ಎಂದೆ. "ಅದು ನಕಲಿ. ನೀನು ಊಟಕ್ಕೆ ಹೋದಾಗ ಬದಲಾಯಿಸಿದೆ. ಅಸಲಿ ನನ್ನ ಕಾರಲ್ಲಿದೆ."

ಹಸಿ ಸುಳ್ಳು. ಕಾರಿನಲ್ಲಿದ್ದದ್ದು ನಿನ್ನೆ ಅರ್ಧ ತಿಂದಿಟ್ಟ ಮಾಂಸದ ಪೈ.

"ಬುರುಡೆ ಬಿಡ್ಬೇಡ."

"ರಟ್ಟು ಎತ್ತಿ ನೋಡು. ಅಂಚಲ್ಲಿ ಕಡುನೀಲಿ ಇದ್ರೆ ನಿನ್ನ ಅದೃಷ್ಟ."

ಅವನ ಕಣ್ಣು ಅತ್ತಿತ್ತ ಓಡಿತು. ಆ ಚಾಕು ಬೆರಳಗಲ ಜಾರಿದರೂ ಬೆರಿಲ್‌ಗೆ ನಾನು ಮುಖ ತೋರಿಸುವಂತಿರಲಿಲ್ಲ.

ಟಿಸ್‌ಡೇಲ್ ಚಾಕು ಕೆಳಗಿಟ್ಟ. ಬಿಳಿ ಹತ್ತಿಯ ಗ್ಲೌಸ್ ಎತ್ತಿಕೊಂಡ. ಈ ಕಸುಬಿನವರು ಬರಿಗೈಯಲ್ಲಿ ಪ್ರಿಂಟ್ ಮುಟ್ಟುವುದಿಲ್ಲ... ಕದ್ದದ್ದನ್ನೂ.

ಎಡಗೈ ಪೂರ್ತಿ ಒಳಗೆ. ಬಲಗೈ ಅರ್ಧ.

ದವಡೆಗೆ ಒಂದು ಬಿಟ್ಟೆ. ಬಿದ್ದವನು ಪೊಲೀಸರು ಬರುವವರೆಗೂ ಏಳಲಿಲ್ಲ.

ಸಂಜೆ ತಮ್ಮ ಮನೆಯಲ್ಲಿ ಬೆರಿಲ್ ಅಸಲಿಯ ರಟ್ಟು ಎತ್ತಿ, ಅಂಚಿನ ನೀಲಿಯ ಮೇಲೆ ಬರಿಗೈ ಆಡಿಸಿದರು.

"ಅವರು ನೋಡಿದಾಗ ಪೂರ್ತಿ ಇಷ್ಟೇ ನೀಲಿ ಇತ್ತು."

ಕೆಮ್ಮಿದೆ.

"ಇನ್ನಾದ್ರೂ ನೆರಳಿಗೆ ಹಾಕಿ. ಇಲ್ದಿದ್ರೆ ಹತ್ತು ವರ್ಷದಲ್ಲಿ ಏನೂ ಉಳಿಯಲ್ಲ."

"ನಾನು ಉಳೀತೀನಾ?" ಎಂದು ಅದೇ ಮೊಳೆಗೆ ನೇತುಹಾಕಿದರು.

ನಕಲಿ ಈಗ ಪೊಲೀಸರ ಬೀರುವಿನಲ್ಲಿದೆ. ಕತ್ತಲು, ತಂಪು... ಅದು ನೂರು ವರ್ಷ ಬಾಳುತ್ತದೆ.