ಹಟಮಾರಿಯನ್ನು ಅದ್ದಬೇಡಿ

"ಯಾರೂ ಮುಟ್ಟಬೇಡಿ! ಇದರಲ್ಲಿ ಹುಳ ಇದೆ!"

ಚರ್ಚಿನ ನೆಲಮಾಳಿಗೆಯಲ್ಲಿ ಗಿಜಿಗುಡುತ್ತಿದ್ದ ಜನ ಥಟ್ಟನೆ ಸುಮ್ಮನಾದರು. ಕಾಫಿ ಲೋಟ ಹಿಡಿದವರು ಹಿಡಿದ ಹಾಗೇ ತಿರುಗಿ ನೋಡಿದರು.

ಮಾರ್ನಿ ಲಿಂಡ್‌ಕ್ವಿಸ್ಟ್‌ಳ ಕಿವಿ ಬಿಸಿಯಾಯಿತು. ಅವಳ ಮೇಜಿನ ಮೇಲಿದ್ದ ಹವಳದ ತುಂಡೊಂದನ್ನು ಎತ್ತಿ, ಅದರ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡುತ್ತಾ ನಿಂತಿದ್ದ, ಆ ಕೂಗು ಹಾಕಿದ ಉದ್ದನೆಯ ಮನುಷ್ಯ. ಅವನ್ಯಾರೋ ಅವಳಿಗೆ ಗೊತ್ತಿಲ್ಲ!

"ರೀ... ಏನಂದ್ರಿ?"

"ಹವಳ ತಿನ್ನೋ ಹುಳದ ಮೊಟ್ಟೆ. ಇಲ್ನೋಡಿ, ಬಿಳಿ ಚುಕ್ಕೆ. ಇದನ್ನ ಯಾರಾದರೂ ಮನೆಗೆ ತಗೊಂಡು ಹೋದ್ರೆ ಇಡೀ ಟ್ಯಾಂಕಿನ ಹವಳ ಖಾಲಿಯಾಗುತ್ತೆ."

"ನನ್ನ ಮನೇಲಿ ಹುಳ ಇಲ್ಲ!"

"ಎಲ್ಲರೂ ಹಾಗೇ ಅಂತಾರೆ."

ಡುಲುತ್ ಊರಿನ, ಉಪ್ಪುನೀರಿನ ಗಾಜಿನ ಟ್ಯಾಂಕಿನಲ್ಲಿ ಜೀವಂತ ಹವಳ ಸಾಕುವವರ ಸಂಘಕ್ಕೆ ಮಾರ್ನಿ ಹೊಸಬಳು. ಚಳಿಗಾಲದ ವಿನಿಮಯ ಕೂಟಕ್ಕೆ ತನ್ನ ಹವಳವನ್ನು ತುಂಡು ಮಾಡಿ ತಂದದ್ದು ಇದೇ ಮೊದಲು. ಒಬ್ಬರು ತುಂಡು ಕೊಡುವುದು, ಇನ್ನೊಬ್ಬರದನ್ನು ಪಡೆಯುವುದು. ನಾಳೆ ತನ್ನ ಮನೆಯ ಟ್ಯಾಂಕ್ ಹಾಳಾದರೂ ತನ್ನ ಹವಳ ಊರಿನಲ್ಲೆಲ್ಲೋ ಬದುಕಿರುತ್ತದೆ. ಅದಕ್ಕೇ ಈ ಕೂಟ.

ಅವಳ ಹವಳಕ್ಕೆ ಅವಳೇ ಇಟ್ಟ ಹೆಸರು 'ಹಟಮಾರಿ'. ಮೀನಿನ ಅಂಗಡಿಯವನು ಸತ್ತಿತೆಂದು ಕಸಕ್ಕೆ ಎಸೆಯಲು ಹೊರಟಿದ್ದ ಬಿಳಿಚಿದ ಚೂರನ್ನು ಅವಳು ಬೇಡಿ ತಂದಿದ್ದಳು. ಈಗ ಅದು ಅಗಲವಾದ ತಟ್ಟೆಯ ಹಾಗೆ ಹರಡಿಕೊಂಡಿತ್ತು. ಮೈಯೆಲ್ಲ ಕಿತ್ತಳೆ, ಅಂಚಿಗೆ ಮಾತ್ರ ನೇರಳೆ. "ಒಂದೋ ನಾನಿರಬೇಕು, ಇಲ್ಲ ಈ ಉಪ್ಪುನೀರಿನ ಡಬ್ಬ ಇರಬೇಕು" ಎಂದು ಗಂಡ ಡ್ವೇನ್ ಅಬ್ಬರಿಸಿದ ದಿನ ಮಾರ್ನಿ ಅವನ ಅಂಗಿಗಳನ್ನು ಮಡಚಿ ಪೆಟ್ಟಿಗೆಗೆ ತುಂಬಿದ್ದಳು. ಅವನು ಹೋದ. ಹಟಮಾರಿ ಉಳಿಯಿತು.

ಅಂಥದ್ದಕ್ಕೆ ಹುಳವಂತೆ!

ಜನ ಒಬ್ಬೊಬ್ಬರಾಗಿ ಅವಳ ಮೇಜಿನಿಂದ ದೂರ ಸರಿದರು. ಸಂಘದ ಹಿರಿಯಳಾದ ವಿಲ್ಮಾ ಹತ್ತಿರ ಬಂದು ಪಿಸುಗುಟ್ಟಿದಳು. "ಬೇಜಾರು ಮಾಡ್ಕೋಬೇಡ ಮಗಳೇ. ಅವನು ಓರಿನ್ ಪೆಟ್ರಾಸ್ಕಿ. ಹಲ್ಲಿನ ಸೆಟ್ಟು ಮಾಡೋ ಕೆಲಸ. ಕಣ್ಣು ಬಲು ಸೂಕ್ಷ್ಮ. ಅವನು ಹುಳ ಅಂದ್ರೆ ಹುಳಾನೇ."

ಮಾರ್ನಿ ತುಂಡುಗಳನ್ನೆಲ್ಲ ಡಬ್ಬಿಗೆ ತುಂಬಿಕೊಂಡಳು. ಬಾಗಿಲ ಹತ್ತಿರ ನಿಂತು, ತಲೆ ಎತ್ತಿ ಹೇಳಿದಳು.

"ಓರಿನ್ ಪೆಟ್ರಾಸ್ಕಿಯವರೇ, ನೀವು ಮಾಡಿಟ್ಟ ಹಲ್ಲುಗಳಿಂದಲೇ ಈ ಮಾತನ್ನ ಅಗಿಸಿ ನುಂಗಿಸ್ತೀನಿ. ನೋಡ್ತಿರಿ!"

ಮನೆಗೆ ಬಂದವಳೇ ಅತ್ತಳು. ಅತ್ತು ಮುಗಿಸಿ ಮೂಗೊರೆಸಿಕೊಂಡು, ಚುಕ್ಕೆಗಳಿದ್ದ ತುಂಡನ್ನು ಉಪ್ಪುನೀರಿನ ಜಾಡಿಯೊಂದರಲ್ಲಿ ಹಾಕಿ ಬೆಚ್ಚಗಿಟ್ಟಳು. ಹುಳವಾದರೆ ಹುಳ ಬರಲಿ. ಏನು ಬರುತ್ತದೋ ಕಣ್ಣಾರೆ ನೋಡೇಬಿಡೋಣ!

ದಿನವೂ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುವ ಕೆಲಸ ಮುಗಿಸಿ ಬಂದು, ಬೂಟು ಕಳಚುವ ಮೊದಲೇ ಜಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂರುವಳು. *ಅವನ ಮಾತೇ ನಿಜವಾಗಿಬಿಟ್ಟರೆ...?*

ಒಂದು ಸಂಜೆ ಜಾಡಿಯ ಗಾಜಿನ ಮೇಲೆ ಸಾಸಿವೆಗಿಂತ ಸಣ್ಣ ಜೀವಗಳು ಹರಿದಾಡುತ್ತಿದ್ದವು. ಮಾರ್ನಿ ಉಸಿರು ಬಿಗಿಹಿಡಿದು ನೋಡಿದಳು. ಪ್ರತಿಯೊಂದರ ಬೆನ್ನ ಮೇಲೂ ಪುಟಾಣಿ ಚಿಪ್ಪು!

ಅವಳು ನಕ್ಕ ನಗುವಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಮುಂದಿನ ಸಭೆಯಲ್ಲಿ ಆ ಜಾಡಿಯನ್ನು ಓರಿನ್‌ನ ಮೂಗಿನ ಕೆಳಗೆ ಕುಕ್ಕಿದಳು.

"ತಗೊಳ್ಳಿ. ನೀವು ಹೇಳಿದ್ದು ಸರಿ. ಹುಳುವೇ!"

ಓರಿನ್ ಭೂತಗನ್ನಡಿ ಹಿಡಿದು ಬಗ್ಗಿದ. ಬಗ್ಗಿದವನ ಕಿವಿ ಕೆಂಪಾಯಿತು.

"ಇದು... ಬಸವನಹುಳು."

"ಜೋರಾಗಿ ಹೇಳಿ! ಅವತ್ತು ಇಡೀ ಚರ್ಚಿಗೆ ಕೇಳೋ ಹಾಗೆ ಕೂಗಿದ್ರಲ್ಲ!"

ಅವನು ಎದ್ದು ಕುರ್ಚಿಯ ಮೇಲೆ ಹತ್ತಿ ನಿಂತ. ನಿಜವಾಗಿಯೂ ಹತ್ತಿದ! "ಎಲ್ಲರೂ ಕೇಳಿ. ತಪ್ಪು ನಂದು. ಇವರ ಹವಳದ ಮೇಲಿದ್ದದ್ದು ಪಾಚಿ ತಿನ್ನೋ ಪಾಪದ ಬಸವನಹುಳುವಿನ ಮೊಟ್ಟೆ. ಇವರ ಟ್ಯಾಂಕ್ ಸ್ವಚ್ಛವಾಗಿದೆ." ಕೆಳಗಿಳಿದು, "ಕ್ಷಮಿಸಿ" ಎಂದ. ಆ ಕಣ್ಣಲ್ಲಿ ನಾಟಕವಿರಲಿಲ್ಲ.

ಮಾರ್ನಿಯ ಮನಸ್ಸು ಒಂದು ಕ್ಷಣ ಕರಗಿತು. ಒಂದೇ ಕ್ಷಣ!

"ಹಾಗಾದ್ರೆ ನನ್ನ ಹಟಮಾರಿನ ಯಾರು ತಗೋತೀರಿ?"

ಯಾರೂ ಮುಂದೆ ಬರಲಿಲ್ಲ. ಒಮ್ಮೆ ಎದ್ದ ಗುಲ್ಲು ಅಷ್ಟು ಬೇಗ ಅಡಗುತ್ತದೆಯೇ? "ಆಮೇಲೆ ನೋಡೋಣ", "ನಮ್ಮಲ್ಲಿ ಜಾಗ ಇಲ್ಲ" ಎಂದು ಎಲ್ಲರೂ ಜಾರಿಕೊಂಡರು.

"ನಾನು ತಗೋತೀನಿ" ಎಂದ ಓರಿನ್.

"ಹುಳ ಕೊಲ್ಲೋ ಔಷಧಿ ನೀರಲ್ಲಿ ಅದ್ದೋ ಹಾಗಿಲ್ಲ. ಬೇರೆ ಟ್ಯಾಂಕಲ್ಲಿ ಇಟ್ಟು ಕಾಯೋ ಹಾಗಿಲ್ಲ. ನೇರವಾಗಿ ನಿಮ್ಮ ದೊಡ್ಡ ಟ್ಯಾಂಕಿಗೇ ಹಾಕ್ಬೇಕು. ಆಗ ನಂಬ್ತೀನಿ, ನೀವು ನನ್ನನ್ನ ನಂಬಿದ್ದೀರಿ ಅಂತ."

ಸಭೆಯಲ್ಲಿ ಯಾರೋ ಕೆಮ್ಮಿದರು. ಹವಳ ಸಾಕುವವರಲ್ಲಿ ಯಾರೂ ಯಾರಿಗೂ ಹಾಕದ ಷರತ್ತು ಅದು. ಹೊರಗಿನಿಂದ ಬಂದದ್ದನ್ನು ಸ್ವಂತ ಅಣ್ಣನೇ ಕೊಟ್ಟಿದ್ದರೂ ಅದ್ದಿಯೇ ಒಳಗೆ ಬಿಡುತ್ತಾರೆ.

ಓರಿನ್ ಬಿಳಿಚಿಕೊಂಡ. "ಅದೊಂದು... ನನ್ನಿಂದ ಆಗಲ್ಲ."

"ಗೊತ್ತಿತ್ತು!" ಎಂದು ಮಾರ್ನಿ ಜಾಡಿ ಎತ್ತಿಕೊಂಡು ಹೊರಟೇಬಿಟ್ಟಳು.

ಕಾರಿನ ತನಕ ಬಂದ ವಿಲ್ಮಾ ಹೇಳಿದಳು. "ಅವನನ್ನ ಬೈಬೇಡ ಕಣೇ. ಹಿಂದೆ ಒಬ್ಬ ಗೆಳೆಯ ಕೊಟ್ಟ ತುಂಡನ್ನ ಅದ್ದದೆ ಹಾಕಿದ್ದ. ಅದರಲ್ಲಿ ನಿಜವಾಗ್ಲೂ ಹುಳ ಇತ್ತು. ಹವಳ ಒಂದೂ ಉಳೀಲಿಲ್ಲ, ಎಲ್ಲಾ ಸತ್ತು ಬಿಳೀ ಕಲ್ಲಾಯ್ತು. ಬಿಳೀ ಕಲ್ಲಿನ ರಾಶಿ ಮುಂದೆ ಕೂತು ಮಗು ಥರ ಅತ್ತಿದ್ದ."

ಮಾರ್ನಿ ಕಾರು ಹೊರಡಿಸಿದಳು. ಆದರೆ ಆ ಮಾತು ಅವಳ ಜೊತೆಗೇ ಮನೆಗೆ ಬಂತು.

ಮುಂದಿನ ವಾರ ಆಲಿಕಲ್ಲು, ಹಿಮ, ಬಿರುಗಾಳಿ ಎಲ್ಲ ಸೇರಿ ಊರನ್ನು ಹಿಂಡಿದವು. ವಿದ್ಯುತ್ ತಂತಿಗಳು ಮಂಜುಗಡ್ಡೆ ಕಟ್ಟಿ ಹರಿದು ಬಿದ್ದವು. ಬೆಳಿಗ್ಗೆ ವಿಲ್ಮಾಳ ಫೋನು.

"ಗುಡ್ಡದ ಮೇಲಿನ ಬೀದಿಗೆ ನಿನ್ನೆಯಿಂದ ಕರೆಂಟಿಲ್ಲ. ಓರಿನ್ ಮನೆ ತಣ್ಣಗಾಗಿದೆಯಂತೆ. ನಿನ್ ಹತ್ರ ಜನರೇಟರ್ ಇದೆಯಲ್ಲ..."

"ಇದೆ. ನನಗೆ. ನನ್ನ ಹುಳಗಳಿಗೆ!"

ಫೋನಿಟ್ಟಳು. ಜನರೇಟರ್ ಬಲದಿಂದ ತನ್ನ ಟ್ಯಾಂಕಿನಲ್ಲಿ ಬೆಚ್ಚಗೆ ಅರಳಿಕೊಂಡಿದ್ದ ಹಟಮಾರಿಯನ್ನು ನೋಡಿದಳು. ಬಿಳೀ ಕಲ್ಲಿನ ರಾಶಿ, ಅದರ ಮುಂದೆ ಕೂತು ಅಳುವ ಒಬ್ಬ ಉದ್ದನೆಯ ಮನುಷ್ಯ...

"ಥೂ, ನನ್ನ ಹಣೆಬರಹ!" ಎನ್ನುತ್ತಾ ಬೂಟು ಏರಿಸಿದಳು.

ಓರಿನ್ ಬಾಗಿಲು ತೆರೆದಾಗ ಮೈಮೇಲೆ ಎರಡು ಕೋಟು. ತನ್ನ ಕಂಬಳಿಗಳನ್ನೆಲ್ಲ ಟ್ಯಾಂಕಿಗೆ ಹೊದಿಸಿದ್ದ.

"ಬಕೆಟ್ ತನ್ನಿ. ಎಲ್ಲಾನೂ ನನ್ನ ಟ್ಯಾಂಕಿಗೆ ಹಾಕೋಣ."

ಅವನು ಅಲ್ಲಾಡಲಿಲ್ಲ.

"ಏನ್ರೀ, ನನ್ನ ನೀರಲ್ಲಿ ಬದುಕೋದಕ್ಕಿಂತ ಇಲ್ಲೇ ಸಾಯೋದು ವಾಸಿ ಅನ್ಸುತ್ತಾ?"

"ಅದಲ್ಲ... ಅಷ್ಟೆಲ್ಲ ಬೈದೋರು ಬರ್ತೀರಿ ಅಂತ ಅಂದ್ಕೊಂಡಿರಲಿಲ್ಲ."

"ನಿಮಗೋಸ್ಕರ ಬಂದಿಲ್ಲ. ಹವಳಕ್ಕೋಸ್ಕರ ಬಂದೆ. ಬೇಗ!"

ಹವಳಗಳೂ, ಓರಿನ್‌ನ ಮುದಿ ಕಿತ್ತಳೆ ಮೀನು ಹ್ಯೂಗೊನೂ ಅವಳ ಮನೆ ಸೇರಿದವು. ಇಳಿಸುವ ಗಡಿಬಿಡಿಯಲ್ಲಿ ಓರಿನ್‌ನ ಮೊಣಕೈ ತಾಗಿ ಹಟಮಾರಿಯ ಅಂಚು ಲಟಕ್ಕನೆ ಮುರಿಯಿತು.

"ಅಯ್ಯೋ! ನಿಮಗೆ ಕಣ್ಣು ಭೂತಗನ್ನಡಿಯಲ್ಲಿ ಮಾತ್ರ ಕಾಣೋದಾ?"

"ತಪ್ಪಾಯ್ತು, ತಪ್ಪಾಯ್ತು..."

ಆಮೇಲೆ ಎಷ್ಟು ಹುಡುಕಿದರೂ ಆ ಮುರಿದ ಚೂರು ಸಿಗಲಿಲ್ಲ. ಕಲ್ಲಿನ ಸಂದಿಗೆ ಬಿದ್ದಿರಬೇಕೆಂದು ಮಾರ್ನಿ ಗೊಣಗಿ ಸುಮ್ಮನಾದಳು.

ಮರುದಿನವೇ ಗುಡ್ಡದ ಬೀದಿಗೆ ಕರೆಂಟು ಬಂತು. ಆದರೆ ಓರಿನ್‌ನ ಹವಳಗಳು ಹೋಗಲಿಲ್ಲ. "ನನ್ನ ಟ್ಯಾಂಕಿನ ನೀರು ಇನ್ನೂ ಸರಿಹೋಗಿಲ್ಲ" ಎನ್ನುತ್ತಿದ್ದ. ಕೆಲಸ ಮುಗಿಸಿ ಸಂಜೆ ಸಂಜೆ ಬರುವನು. ಬರುವಾಗ ಒಮ್ಮೆ ಆಲೂಗಡ್ಡೆ-ಮಾಂಸ ಬೇಯಿಸಿದ ಹಾಟ್‌ಡಿಶ್, ಒಮ್ಮೆ ಸುಟ್ಟು ಕರಕಲಾದ ಬಿಸ್ಕತ್ತು. ತಾನೇ ಮಾಡಿದ್ದಂತೆ.

"ಇದನ್ನ ತಿನ್ನೋಕೆ ನೀವು ಮಾಡೋ ಹಲ್ಲೇ ಬೇಕು!" ಎಂದು ಮಾರ್ನಿ ಛೇಡಿಸುವಳು. ತಿನ್ನುವಳು ಕೂಡ.

ಅವಳ ಹೆಣ್ಣುಮೀನು ಬರ್ನಿಸ್ ಮೊದಮೊದಲು ಹ್ಯೂಗೊನನ್ನು ಮೂಲೆಗೆ ಅಟ್ಟಿ ಕಚ್ಚುತ್ತಿತ್ತು. ಆಮೇಲಾಮೇಲೆ ಎರಡೂ ಒಂದೇ ಹವಳದ ಮೆತ್ತೆಯಲ್ಲಿ ಮೈಗೆ ಮೈ ತಾಗಿಸಿ ಮಲಗತೊಡಗಿದವು.

"ನೋಡಿದ್ರಾ, ರಾಜಿ ಆಯ್ತು" ಎಂದ ಓರಿನ್.

"ರಾಜಿಯಲ್ಲ. ಹ್ಯೂಗೊ ಸೋತ."

"ಸೋತ್ರೂ ಖುಷಿಯಾಗೇ ಇದ್ದಾನೆ, ಪಾಪ."

ಮಾರ್ನಿ ಮುಖ ತಿರುಗಿಸಿಕೊಂಡು ನಕ್ಕಳು. ಸಂಜೆ ಅವನ ಗಾಡಿಯ ಸದ್ದಿಗೆ ತನ್ನ ಕಿವಿ ಕಾಯುತ್ತಿದೆ ಎಂದು ಅವಳಿಗೆ ಗೊತ್ತಾಗಿತ್ತು. ಒಪ್ಪಿಕೊಳ್ಳಲು ಮಾತ್ರ ಹಟ.

ಹಿಮ ಕರಗುವ ಕಾಲ ಬಂತು. ಒಂದು ದಿನ ಅಂಗಡಿಯಲ್ಲಿ ಸಿಕ್ಕ ವಿಲ್ಮಾ ಮಾತಿಗೆ ಮಾತು ಬಂದು, "ಓರಿನ್ ಟ್ಯಾಂಕಾ? ಅದು ಯಾವತ್ತೋ ಸರಿಹೋಯ್ತಲ್ಲ! ನಾನೇ ನೀರು ಪರೀಕ್ಷೆ ಮಾಡಿಕೊಟ್ಟೆ" ಎಂದಳು.

ಮಾರ್ನಿಯ ಕೈಯಲ್ಲಿದ್ದ ಉಪ್ಪಿನ ಚೀಲ ಜಾರಿತು.

*ಸರಿಹೋಗಿದೆ! ಆದರೂ ವಾಪಸ್ ಒಯ್ಯುತ್ತಿಲ್ಲ! ಯಾಕೆ? ನನ್ನ ನೀರು ಮುಟ್ಟಿದ ಹವಳ ಅವನ ಮನೆಗೆ ಮೈಲಿಗೆ... ಇವತ್ತಿಗೂ ಅವನ ಕಣ್ಣಿಗೆ ನಾನು ಹುಳದ ಮಾರ್ನಿಯೇ!*

ಡ್ವೇನ್ ಹೋದಾಗ ಅವಳು ಅತ್ತಿರಲಿಲ್ಲ. ಈಗ ಕಣ್ಣು ಉರಿಯುವಷ್ಟು ಅತ್ತಳು. ಅಳುತ್ತಲೇ ಅವನ ಹವಳಗಳನ್ನು ಒಂದೊಂದಾಗಿ ಕಿತ್ತು ಬಕೆಟ್ಟಿಗೆ ಹಾಕಿದಳು. ಹ್ಯೂಗೊನನ್ನು ಹಿಡಿಯಲು ಹೋದರೆ ಬರ್ನಿಸ್ ಬಂದು ಕೈ ಕಚ್ಚಿತು. ಮತ್ತೆ ಬಲೆ ಹಾಕಿದಳು, ಮತ್ತೆ ಕಚ್ಚಿತು.

"ನೀನೂ ಅವನ ಕಡೆನಾ?" ಎಂದು ಬೈದು, ಮೀನನ್ನು ಬಿಟ್ಟು ಬಕೆಟ್ಟುಗಳನ್ನಷ್ಟೇ ಗಾಡಿಗೇರಿಸಿದಳು.

ಓರಿನ್ ಬಾಗಿಲು ತೆರೆದದ್ದೇ ತಡ, ಬಕೆಟ್ಟು ಅವನ ಕಾಲಬುಡಕ್ಕೆ ಬಂತು.

"ತಗೊಳ್ಳಿ ನಿಮ್ಮ ಹವಳ! ಔಷಧೀಲಿ ಅದ್ದಿ, ತೊಳೀರಿ, ಕುದಿಸಿ ಬೇಕಾದ್ರೆ! ನನ್ನ ನೀರು ಅಷ್ಟು ಕೊಳಕಾಗಿದ್ರೆ ದಿನಾ ಬಂದು ನನ್ನ ಸೋಫಾ ಮೇಲೆ ಯಾಕೆ ಕೂರ್ತಿದ್ರಿ? ಸುಳ್ಳು ಯಾಕೆ ಹೇಳಿದ್ರಿ?"

"ಮಾರ್ನಿ, ಒಂದು ನಿಮಿಷ ಒಳಗೆ ಬನ್ನಿ."

"ಬರಲ್ಲ!"

"ಬೈಯೋದನ್ನ ಒಳಗೇ ಬಂದು ಬೈರಿ. ಬಕೆಟ್ಟಲ್ಲಿರೋ ಹವಳ ತಣ್ಣಗಾಗುತ್ತೆ."

ಹವಳ ಎಂದಮೇಲೆ ಅವಳು ಸೋಲದೇ ಇದ್ದಾಳೆಯೇ? ಬಕೆಟ್ಟು ಎತ್ತಿಕೊಂಡು ಒಳಗೆ ನುಗ್ಗಿದಳು. ನುಗ್ಗಿದವಳು ಅಲ್ಲೇ ನಿಂತಳು.

ಓರಿನ್‌ನ ದೊಡ್ಡ ಟ್ಯಾಂಕ್ ಪೂರಾ ಖಾಲಿ. ಬರಿಯ ಕಲ್ಲು, ತಿಳಿನೀರು. ಆದರೆ ನಟ್ಟನಡುವೆ, ದೀಪದ ನೇರ ಕೆಳಗೆ, ಒಂದೇ ಒಂದು ಹವಳ. ಮೈ ಕಿತ್ತಳೆ, ಅಂಚು ನೇರಳೆ. ಕಲ್ಲನ್ನು ಬಿಗಿಯಾಗಿ ತಬ್ಬಿ, ಅಂಗೈಯಗಲ ಹರಡಿಕೊಂಡಿತ್ತು.

"ಇದು... ನನ್ನ ಹಟಮಾರಿ!"

"ಅವತ್ತು ಮುರಿದ ಚೂರು. ಕದ್ದೆ. ಕೇಳಿದ್ರೆ ನೀವು ಕೊಡ್ತಿರಲಿಲ್ಲ. ಕರೆಂಟು ಬರೋ ತನಕ ಕಾಫಿ ಫ್ಲಾಸ್ಕಲ್ಲಿ ಇಟ್ಟಿದ್ದೆ, ನಿಮ್ಮನೆ ನೀರಲ್ಲೇ."

ಅವಳು ಬಕೆಟ್ಟು ಕೆಳಗಿಟ್ಟಳು. "ಔಷಧಿ...?"

"ಅದ್ದಿಲ್ಲ. ಬೇರೆ ಇಟ್ಟು ಕಾದೂ ಇಲ್ಲ. ಫ್ಲಾಸ್ಕಿನ ನೀರನ್ನೂ ಟ್ಯಾಂಕಿಗೇ ಸುರಿದೆ. ಭಯ ಆಗ್ತಿತ್ತು, ಸುಳ್ಳು ಹೇಳಲ್ಲ. ಆದ್ರೂ ಹಾಕಿದೆ. ನೀವು ಹೇಳಿದ್ರಲ್ಲ, ಆಗ ನಂಬ್ತೀನಿ ಅಂತ."

"ಹೇಳೋಕೇನಾಗಿತ್ತು ನಿಮಗೆ? ಮತ್ತೆ ಈ ಹವಳಗಳನ್ನ ಯಾಕೆ ಇಷ್ಟು ದಿನ ನನ್ನ ಹತ್ರಾನೇ ಬಿಟ್ರಿ?"

ಓರಿನ್‌ನ ಕಿವಿ ಮತ್ತೆ ಕೆಂಪಾಯಿತು. "ಅವು ವಾಪಸ್ ಬಂದುಬಿಟ್ರೆ... ನಾನು ಯಾವ ನೆಪ ಇಟ್ಕೊಂಡು ನಿಮ್ಮನೆಗೆ ಬರ್ಲಿ? ನನಗೆ ಹವಳ ನೋಡೋಕೆ ಬೇಕಾಗಿರ್ಲಿಲ್ಲ ಮಾರ್ನಿ. ನಿಮ್ಮನ್ನ ನೋಡ್ಬೇಕಿತ್ತು. ನನಗೆ ನೀವು ಅಂದ್ರೆ ಪ್ರಾಣ."

ಮಾರ್ನಿ ಗಾಜಿಗೆ ಅಂಗೈ ಒತ್ತಿ ನಿಂತಳು. ಸತ್ತಿತೆಂದು ಎಸೆಯಹೊರಟ ಚೂರಿನ ಚೂರು, ಯಾರೂ ಬೇಡವೆಂದ ಚೂರು, ಈ ಮನುಷ್ಯನ ಮನೆಯ ನಡುಮಧ್ಯದಲ್ಲಿ ಹೊಸ ಅಂಚು ಬಿಟ್ಟು ಬೆಳೆಯುತ್ತಿದೆ. ಕಣ್ಣೀರು ಒರೆಸಿಕೊಳ್ಳುವ ಗೋಜಿಗೂ ಅವಳು ಹೋಗಲಿಲ್ಲ.

"ಕಳ್ಳ" ಎಂದಳು ಮೆಲ್ಲಗೆ. "ನಾನೂ ಸುಳ್ಳು ಹೇಳಿದ್ದೆ. ಅವತ್ತು ಹವಳಕ್ಕೋಸ್ಕರ ಬಂದಿರಲಿಲ್ಲ. ನಿನಗೋಸ್ಕರಾನೇ ಬಂದಿದ್ದೆ."

ಅವಳ ಬಾಯಿಂದ ಬಂದ ಆ 'ನಿನಗೋಸ್ಕರ' ಕೇಳಿ ಓರಿನ್ ಕ್ಷಣಕಾಲ ಕಣ್ಣು ಮುಚ್ಚಿಕೊಂಡ. ಆಮೇಲೆ ಅವಳ ಉಪ್ಪು ಹಿಡಿದ ಒರಟು ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಮೀನು ಕಚ್ಚಿದ ಗುರುತು ಕಂಡಿತು.

"ಹ್ಯೂಗೊ ಎಲ್ಲಿ?"

"ಬರ್ನಿಸ್ ಬಿಡ್ಲಿಲ್ಲ. ಅವನು ಇನ್ನು ಬರಲ್ಲ."

"ಹಾಗಾದ್ರೆ ನಾನೇ ಅಲ್ಲಿಗೆ ಬರ್ಲಾ?"

"ಬಾ. ಆದ್ರೆ ಆ ಭೂತಗನ್ನಡಿ ಇಲ್ಲೇ ಬಿಟ್ಟು ಬಾ. ಇನ್ಮೇಲೆ ನನ್ನಲ್ಲಿ ಹುಳುಕು ಹುಡುಕೋ ಹಾಗಿಲ್ಲ."

"ಹುಡುಕದೇನೇ ಸಿಕ್ಕಿಬಿಟ್ರೆ?"

ಮಾರ್ನಿ ಅವನ ಎದೆಗೆ ಹಣೆ ಆನಿಸಿ, ಅಳುತ್ತಲೇ ನಕ್ಕಳು.

"ಸಿಕ್ಕಿದ್ರೂ ಬಾಯಿ ಮುಚ್ಕೊಂಡಿರು. ಬಸವನಹುಳು ಅಂದ್ಕೋ!"